ರೇಡಿಯೋದಲ್ಲಿ ಕೂಗಿದ ಹೆಸರು

ಮಹಾರಾಜರ ಕಾಲ. ದುರ್ಗದ ನಮ್ಮ ಮನೆಗೆ ರೇಡಿಯೋ ಬಂದಾಗ ಬೀದಿಗೆ ಬೀದಿಯೇ ನೆರೆದಿತ್ತು. ಹತ್ತಿ ವ್ಯಾಪಾರದ ನಮ್ಮೆಜಮಾನ್ರು ಮುಟ್ಟಿದವರನ್ನೆಲ್ಲ ಗದರೋರು. ಹಾಡು ಬರೋದು ಅಪರೂಪ. ಗುಂಡಿ ತಿರುವಿದರೆ ಬರೀ ಕುಯ್ಯ್ ಕುಯ್ಯ್ ಸಿಳ್ಳೆ. ಒಂದು ಶನಿವಾರ ಬೆಳಗಿನಿಂದ ಆ ಸಿಳ್ಳೆ ಸಂತೆ ಥರ ಕಿಕ್ಕಿರಿದುಬಿಡ್ತು.

ನನ್ನ ನಾದಿನಿ ರೊಟ್ಟಿ ತಟ್ಟೋದು ಬಿಟ್ಟು ಓಡಿಬಂದಳು. "ಅತ್ತಿಗೆ, ನನ್ನ ಕರೀತವ್ರೆ!"

ಅವಳ ಗಂಡ ಹೊಳಲ್ಕೆರೆಯವನು. ತಾರು, ಅಂದ್ರೆ ಕಟಕಟ ತಂತಿ ಕಳಿಸೋದು ಕಲಿತು, ಬೊಂಬಾಯಿಗೆ ಹೋಗಿ ಹಡಗು ಹತ್ತಿದವನ ಸುದ್ದಿ ವರ್ಷಗಳಿಂದ ಇಲ್ಲ. ಹೊರಡೋ ಮುಂಚೆ ಉಣ್ಣೋ ಗಂಗಾಳದ ಅಂಚಿಗೆ ಉಗುರಲ್ಲಿ ತಟ್ಟಿ, ತಾರಿನಾಗೆ ನಿನ್ನ ಹೆಸರು ಹಿಂಗೆ ಅಂತ ಕಲಿಸಿದ್ದನಂತೆ. ಅವಳು ನನಗೂ ಎಷ್ಟೋ ಸಲ ತಟ್ಟಿ ತೋರಿಸಿದ್ದಳು. ಈಗ ಸಿಳ್ಳೆಯಲ್ಲಿ ಅದೇ ಉದ್ದ-ಗಿಡ್ಡ ತಾಳ ಬರ್ತಿತ್ತು, ಮತ್ತೆ ಮತ್ತೆ.

ಹೆಂಡ್ತಿ ಸತ್ತ ಹರಿಯಬ್ಬೆ ಕಡೆಯವನೊಬ್ಬನಿಗೆ ಈ ತಂಗಿಯನ್ನ ಉಡಿಕೆ ಮಾಡಿಕೊಡಬೇಕು ಅಂತ ನಮ್ಮೆಜಮಾನ್ರ ಹಟ. ಉಡಿಕೆ ಅಂದ್ರೆ ಎರಡನೇ ಮದುವೆ. ಓಲಗ ಇಲ್ಲ, ಹಂದರ ಇಲ್ಲ, ಸೀರೆ ಉಡಿಸಿ ಕಳಿಸೋದು. ಗಂಡ ಬದುಕವ್ನೆ ಅಂತ ಇವಳು ಒಲ್ಲೆ ಅಂತಿದ್ದಳು.

"ಅಂಚೆ ಕಚೇರಿ ತಾರು ಮಾಸ್ತರನ್ನೇ ಕರೆಸ್ತೀನಿ. ನಿನ್ನ ಹೆಸರಲ್ಲ ಅಂದ್ರೆ ಉಡಿಕೆಗೆ ಒಪ್ತೀಯೇನೇ?" ಅಂದ್ರು. ಹುಚ್ಚಿ, ಹೂಂ ಅಂದಳು.

ಮಾಸ್ತರು ಕಾಫಿ ಕುಡೀತಾ ಕಿವಿಗೊಟ್ಟರು. "ಇದು ಪಂದ್ಯ ಕಣ್ರಿ. ಮನೇಲೇ ಯಂತ್ರ ಇಟ್ಕಂಡಿರೋ ಹವ್ಯಾಸಿಗಳು, ಎಷ್ಟು ದೇಶದೋರು ಸಿಕ್ತಾರೆ ಅಂತ ಆಡೋ ಆಟ. ಕೇಳಿಸ್ತು ಅಂತಾರೆ, ನಂಬರು ಕೊಡ್ತಾರೆ, ಇನ್ನೊಬ್ಬನ್ನ ಹಿಡೀತಾರೆ."

"ಮೊದಲು ಬರೋದು ನನ್ನ ಹೆಸರಲ್ವಾ?"

"ಹೆಸರೆಲ್ಲಿ ಬಂತಮ್ಮ? ಯಾರಿದ್ರೂ ಓಗೊಡ್ರಿ ಅಂತ. ದಾರೀಲಿ ಹೋಗೋರ್ನೆಲ್ಲ ಕರೆಯೋದು."

ನಮ್ಮೆಜಮಾನ್ರು ತೊಡೆ ತಟ್ಟಿ ನಕ್ಕರು. "ಕೇಳ್ದೇನೇ? ಊರಿಗೆಲ್ಲ ಹಾಕೋ ಕೂಗನ್ನ ನಿನ್ ಗಂಡ ನಿನ್ನ ಹೆಸರು ಅಂದವ್ನೆ!" ಮಾಸ್ತರೂ ನಕ್ಕರು. ಥೂ, ಅವರ ನಗೆಗೆ ಬೆಂಕಿ ಬೀಳ! ಆ ಗಂಡನ ಮೇಲೂ ನನಗೆ ಇನ್ನೂ ಸಿಟ್ಟು. ಹೋಗೋನು ಸುಮ್ನೆ ಹೋಗಬಾರದಿತ್ತಾ?

ಅವಳು ಅಳಲಿಲ್ಲ. ಒಳಗೆ ಹೋಗಿ ಉಳಿದ ರೊಟ್ಟಿ ತಟ್ಟಿದಳು.

ಉಡಿಕೆಯ ದಿನ ಮುತ್ತೈದೆ ನೋಡಬಾರದು ಅಂತ ನನ್ನನ್ನ ಬಾಗಿಲ ಹಿಂದೆ ಕೂರಿಸಿದ್ದರು. ಹಿರಿಯರು ಪದ್ಧತಿಯಂತೆ ಕೇಳಿದರು, "ಗಂಡ ಇಲ್ಲ ಅನ್ನೋದಕ್ಕೆ ಸಾಕ್ಷಿ ಯಾರು?" ನಮ್ಮೆಜಮಾನ್ರು ಕೆಮ್ಮಿ ಗಂಟಲು ಸರಿಮಾಡಿಕೊಳ್ತಿದ್ದರು. ಅಷ್ಟರಲ್ಲಿ ಅವಳ ದನಿ ಕೇಳಿಸ್ತು.

"ನಾನೇ. ಅವನು ಸತ್ತಿದ್ದು ರೇಡಿಯೋದಾಗೆ ಬಂತು. ನಾನೇ ಕೇಳಿದೀನಿ."