ಸೈಮಿ ಕೆಳಗಿಳಿದದ್ದು

ವಾಸ್ಕಿಲಂಪಿಯ ತಾಮ್ರದ ಗಣಿಯಲ್ಲಿ ಜನರನ್ನು ಇಳಿಸಿ ಏರಿಸುವ ಯಂತ್ರದ ಮುಂದೆ ಸೈಮಿ ತೊಲ್ವಾನೆನ್ ಹದಿಹರೆಯದಿಂದ ನಿವೃತ್ತಿಯವರೆಗೆ ಕುಳಿತಿದ್ದಳು. ಯುದ್ಧದ ಕಾಲದಲ್ಲಿ ಗಂಡಸರೆಲ್ಲ ಗಡಿಗೆ ಹೋದಾಗ ಬೇರೆ ಗತಿಯಿಲ್ಲದೆ ಹುಡುಗಿಯರನ್ನು ಆ ಕುರ್ಚಿಯಲ್ಲಿ ಕೂರಿಸಿದ್ದರು. ಯುದ್ಧ ಮುಗಿದ ಮೇಲೆ ಉಳಿದ ಹುಡುಗಿಯರು ಎದ್ದುಹೋದರು, ಸೈಮಿ ಏಳಲಿಲ್ಲ. ಏಳು ಎನ್ನುವ ಧೈರ್ಯವೂ ಯಾರಿಗೂ ಬರಲಿಲ್ಲ. ಜನ ನಿಂತು ಇಳಿಯುವ ಕಬ್ಬಿಣದ ಪಂಜರವನ್ನು ಅವಳಷ್ಟು ಮೆತ್ತಗೆ ನೆಲಕ್ಕೆ ಮುಟ್ಟಿಸುವವರು ಇರಲಿಲ್ಲ. ತುಂಬಿದ ಕಾಫಿ ಬಟ್ಟಲು ಕೈಯಲ್ಲಿದ್ದರೂ ತುಳುಕುವುದಿಲ್ಲ ಎಂದು ಗಣಿಯವರು ಹೇಳುತ್ತಿದ್ದರು.

ಆದರೆ ಪಂಜರ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅವಳು ಕಂಡಿರಲಿಲ್ಲ. ಹೆಂಗಸರು ಗಣಿಯೊಳಗೆ ಇಳಿಯುವಂತಿರಲಿಲ್ಲ. ಕಾನೂನು ಬೇಡವೆನ್ನುತ್ತಿತ್ತು. ಹೆಂಗಸಿನ ನೆರಳು ಬಿದ್ದರೆ ಅದಿರು ಬಚ್ಚಿಟ್ಟುಕೊಳ್ಳುತ್ತದೆ ಎಂದು ಹಳಬರೂ ಬೇಡವೆನ್ನುತ್ತಿದ್ದರು. ಅವಳ ಪಾಲಿಗೆ ಗಣಿಯೆಂದರೆ ತಿರುಗುವ ದೊಡ್ಡ ಉರುಳೆ, ಅದರ ಮೇಲೆ ಬಿಚ್ಚಿಕೊಳ್ಳುವ ಉಕ್ಕಿನ ಹಗ್ಗ, ಆಳ ತಿಳಿಯಲು ಹಗ್ಗಕ್ಕೆ ಬಳಿದ ಬಿಳಿ ಗುರುತುಗಳು, ತಲುಪಿತೆಂದು ಕೆಳಗಿನಿಂದ ಬಾರಿಸುವ ಗಂಟೆ. ಯಂತ್ರ ನಡೆಸುವವರೊಡನೆ ಯಾರೂ ಮಾತಾಡಬಾರದೆಂಬ ನಿಯಮವಿತ್ತು. ಹಾಗಾಗಿ ಪಾಳಿಯುದ್ದಕ್ಕೂ ಅವಳು ಮೌನವಾಗಿ ಕುಳಿತಿರುತ್ತಿದ್ದಳು, ಮನಸ್ಸು ಮಾತ್ರ ಹಗ್ಗದ ಜೊತೆ ಇಳಿಯುತ್ತಿತ್ತು. ನಿದ್ದೆಯಲ್ಲೂ ಹಗ್ಗ ಬಿಚ್ಚಿಕೊಳ್ಳುತ್ತಲೇ ಇರುತ್ತಿತ್ತು. ಗಂಟೆ ಬಾರಿಸುತ್ತಿರಲಿಲ್ಲ, ತಳ ಸಿಗುತ್ತಿರಲಿಲ್ಲ, ಪಂಜರ ಇಳಿಯುತ್ತಲೇ ಹೋಗುತ್ತಿತ್ತು. ಆ ಕನಸಿನಲ್ಲಿ ಅವಳಿಗೆ ಭಯವಾಗುತ್ತಿರಲಿಲ್ಲ.

ಅವಳ ಗಂಡ ಟೌನೊ ಅತಿ ಕೆಳಗಿನ ಅಂತಸ್ತಿನಲ್ಲಿ ಸುರಂಗ ಕುಸಿಯದಂತೆ ಮರದ ಕಂಬ ನಿಲ್ಲಿಸುವ ಕೆಲಸದವನು. ಶನಿವಾರ ಸೌನಾ ಎಂಬ ಹಬೆಸ್ನಾನದ ಮನೆಯಲ್ಲಿ ಕಾದ ಕಲ್ಲಿನ ಮೇಲೆ ನೀರೆರಚಿ, ಹಬೆ ಹಬ್ಬುವಾಗ ಅವನಿಗೆ ಮಾತು ಬರುತ್ತಿತ್ತು.

"ಕೆಳಗೆ ಬಿಳೀ ಕಾಡಿದೆ ಕಣೇ. ಮರಕ್ಕೆಲ್ಲ ಹಿಮ ಹಿಡಿದ ಹಾಗೆ. ಮುಟ್ಟಿದ್ರೆ ತಣ್ಣಗಿರಲ್ಲ, ಉಣ್ಣೆ ಮುಟ್ಟಿದ ಹಾಗಿರುತ್ತೆ. ಪಕ್ಕದಲ್ಲೇ ಹಸಿರು ಹೊಳೆ."

"ನಾನು ಕಂಬದ ದಿಮ್ಮಿ ಕಳಿಸ್ತೀನಿ, ನೀನು ಕಾಡು ಬೆಳಿಸ್ತೀಯ," ಎನ್ನುತ್ತಿದ್ದಳು ಸೈಮಿ. "ಬೆನ್ನು ತಿರುಗಿಸು, ತಿಕ್ತೀನಿ."

ಸುಳ್ಳು ಹೇಳುವವರನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ. ಒಂದು ಕ್ರಿಸ್‌ಮಸ್ಸಿಗೆ ಮನೆತುಂಬ ನೆಂಟರಿದ್ದಾಗ ಟೌನೊ ಮತ್ತೆ ಅದೇ ಮಾತು ತೆಗೆದ. "ನನ್ನ ಗಂಡ ಕುಡಿಯಲ್ಲ, ಜೂಜಾಡಲ್ಲ. ಸುಳ್ಳು ಒಂದು ಹೇಳ್ತಾನೆ ನೋಡಿ," ಎಂದಳು ಸೈಮಿ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಟೌನೊ ತನ್ನ ಬಟ್ಟಲು ತೆಗೆದುಕೊಂಡು ಒಲೆಯ ಬಳಿ ಹೋಗಿ ನಿಂತ. ಆಮೇಲೆ ಕೆಳಗಿನ ವಿಷಯ ಅವನ ಬಾಯಿಂದ ಬರಲಿಲ್ಲ. ಆಲೂಗಡ್ಡೆ, ಮೀನು, ಹವೆ ಇವುಗಳ ಬಗ್ಗೆ ಮಾತಾಡುತ್ತ ಉಳಿದ ವರ್ಷಗಳನ್ನು ಕಳೆದ. ಕಲ್ಲಿನ ಧೂಳು ತುಂಬಿದ ಶ್ವಾಸಕೋಶ ಗಣಿ ಮುಚ್ಚುವ ಮೊದಲೇ ಅವನನ್ನು ಮುಗಿಸಿತು.

ಸೈಮಿ ಅಳುತ್ತ ಕೂರುವವಳಲ್ಲ. ಆದರೆ ಒಂದು ವಿಷಯ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಉಳಿಯಿತು: ಅವನು ನಿಜವಾಗಿ ಸುಳ್ಳುಗಾರನೇ?

ಗಣಿ ಮುಚ್ಚಿತು. ಹಳಿ, ತಂತಿಗಳನ್ನು ಬಿಚ್ಚಿ ಮೇಲೆ ತರುವ ಕೆಲಸ ಶರತ್ಕಾಲದವರೆಗೆ ನಡೆಯಿತು. ಆಮೇಲೆ ನೀರೆತ್ತುವ ಪಂಪುಗಳನ್ನು ನಿಲ್ಲಿಸುತ್ತಾರೆಂಬ ಸುದ್ದಿ ಬಂತು. ನಿಲ್ಲಿಸಿದರೆ ಮೊದಲು ಮುಳುಗುವುದು ಟೌನೊ ಇದ್ದ ಅಂತಸ್ತು. ಸೈಮಿ ರಬ್ಬರ್ ಬೂಟು ಹಾಕಿಕೊಂಡು ಮೇಸ್ತ್ರಿ ರೇಯೊ ಹಕುಲಿನೆನ್‌ನ ಮುಂದೆ ಹೋಗಿ ನಿಂತಳು. ಅವನ ಜೊತೆ ಆರ್ಮಸ್ ಕಾಫಿ ಕುಡಿಯುತ್ತಿದ್ದ. ಸೈಮಿಯ ಕೈಯಲ್ಲಿ ಪಳಗಿ ಈಗ ಅವಳ ಕುರ್ಚಿಯಲ್ಲಿ ಕೂರುತ್ತಿದ್ದವನು ಅವನೇ.

"ನನ್ನನ್ನ ಒಂದ್ಸಲ ಕೆಳಗೆ ಇಳಿಸಿ," ಎಂದಳು.

"ಆಗಲ್ಲಮ್ಮ," ಎಂದ ರೇಯೊ. "ನಿಯಮ ಇದೆ."

"ನಿಮ್ಮಪ್ಪನ್ನ ಇಳಿಸಿದೀನಿ, ನಿನ್ನನ್ನ ಇಳಿಸಿದೀನಿ. ಮೊದಲನೇ ದಿನ ಪಂಜರದಲ್ಲಿ ಕಣ್ಣು ಮುಚ್ಕೊಂಡಿದ್ದೆಯಂತೆ, ನಾನು ಯಾರಿಗೂ ಹೇಳಿಲ್ಲ."

"ಈಗ ಹೇಳಿದ್ರಲ್ಲ!"

ಆರ್ಮಸ್ ಬಟ್ಟಲಿನೊಳಕ್ಕೇ ನಕ್ಕ. "ಹೋಗ್ಲಿ ಬಿಡೋ ರೇಯೊ. ಹೆಂಗಸು ಇಳಿದ್ರೆ ಅದಿರು ಬಚ್ಚಿಟ್ಕೊಳ್ಳುತ್ತೆ ಅಂತಿದ್ರು. ಇನ್ನೇನಿದೆ ಬಚ್ಚಿಟ್ಕೊಳ್ಳೋಕೆ?"

ರೇಯೊ ಕಿಟಕಿಯಾಚೆ ನೋಡಿದ. ಆಮೇಲೆ ಗೋಡೆಯ ಮೇಲಿದ್ದ ಶಿರಸ್ತ್ರಾಣವೊಂದನ್ನು ತೆಗೆದು ಅವಳ ತಲೆಗಿಟ್ಟ.

ಆರ್ಮಸ್ ಪಂಜರವನ್ನು ಇಳಿಸಿದ ರೀತಿ ಗಾಜಿನ ಸಾಮಾನು ಇಳಿಸುವಂತಿತ್ತು. ಗುರುವನ್ನೇ ಇಳಿಸುವಾಗ ಎಲ್ಲಿ ಕುಲುಕುತ್ತದೋ ಎಂಬ ಅಂಜಿಕೆ ಅವನಿಗೆ.

"ಈ ವೇಗದಲ್ಲಿ ನಾವು ಇಳಿಯೋ ಮೊದ್ಲು ನೀರೇ ಮೇಲೆ ಬಂದುಬಿಡುತ್ತೆ," ಎಂದು ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದ ರೇಯೊ ಗೊಣಗಿದ.

ಸೈಮಿಯ ಬಲಗಾಲು ಅವಳಿಗರಿವಿಲ್ಲದೆ ಪಂಜರದ ನೆಲವನ್ನು ಒತ್ತುತ್ತಿತ್ತು, ಅಲ್ಲಿ ತನ್ನ ಯಂತ್ರದ ಬ್ರೇಕಿನ ಪೆಡಲು ಇದೆಯೋ ಎಂಬಂತೆ. ಒದ್ದೆ ಬಂಡೆ ಮೇಲಕ್ಕೆ ಜಾರುತ್ತಿತ್ತು. ದೀಪದ ಬೆಳಕಿನಲ್ಲಿ ಅದು ಒಮ್ಮೆ ಬೂದಿ ಬಣ್ಣ, ಒಮ್ಮೆ ಹಿತ್ತಾಳೆ ಬಣ್ಣ, ಮತ್ತೆ ಕಪ್ಪು. ಕನಸಿನ ಇಳಿತವೇ ಇದು, ಈಗ ತಾನು ಹಗ್ಗದ ಇನ್ನೊಂದು ತುದಿಯಲ್ಲಿದ್ದೇನೆ, ಅಷ್ಟೇ ವ್ಯತ್ಯಾಸ ಎಂದುಕೊಂಡಳು. ಕೆಳಗೆ ಹೋದಂತೆ ಗಾಳಿ ಬೆಚ್ಚಗಾಯಿತು. ಮೇಲೆ ಊರಿನಲ್ಲಿ ಆಗಲೇ ಹುಲ್ಲಿನ ಮೇಲೆ ಇಬ್ಬನಿ ಗಡ್ಡೆಕಟ್ಟುತ್ತಿತ್ತು.

ತಳದಲ್ಲಿ ನೀರು ಪಾದ ಮುಳುಗುವಷ್ಟಿತ್ತು.

"ಟೌನೊ ಇದ್ದದ್ದು ಆ ಕಡೆ, ಹಳೇ ಸುರಂಗ," ಎಂದ ರೇಯೊ. "ಏನೂ ಇಲ್ಲಮ್ಮ ಅಲ್ಲಿ. ಕೊಳೆತ ಮರ."

"ಕೊಳೆತದ್ದನ್ನೇ ತೋರ್ಸು."

ಸುರಂಗ ಒಂದು ಕಡೆ ತಿರುಗಿತು. ರೇಯೊ ದೀಪ ಎತ್ತಿದ. ಸಾಲಾಗಿ ನಿಂತ ಕಂಬಗಳ ಮೇಲೆ ಬೆಳ್ಳಗೆ ದಟ್ಟವಾಗಿ ಏನೋ ಬೆಳೆದಿತ್ತು. ಕೊಂಬೆಯಂತೆ ಚಾಚಿ, ಗಡ್ಡದಂತೆ ಇಳಿಬಿದ್ದು, ಒಂದು ಕಂಬದಿಂದ ಇನ್ನೊಂದಕ್ಕೆ ಹಬ್ಬಿತ್ತು. ಗಾಳಿಯಾಡದ ಆ ಜಾಗದಲ್ಲಿ ಒಂದು ಎಳೆಯೂ ಅಲ್ಲಾಡುತ್ತಿರಲಿಲ್ಲ. ಕೆಳಗಿನ ಕರಿ ನೀರಿನಲ್ಲಿ ಅದೇ ಕಾಡು ತಲೆಕೆಳಗಾಗಿ ನಿಂತಿತ್ತು. ಬಲಗಡೆಯ ಗೋಡೆಯುದ್ದಕ್ಕೂ ತಾಮ್ರ ಕರಗಿದ ನೀರು ಜಿನುಗಿ, ಕಲ್ಲನ್ನು ಎಳೆ ಎಲೆಯ ಬಣ್ಣಕ್ಕೆ ತಿರುಗಿಸಿ, ಬಾಗುತ್ತ ಬಳುಕುತ್ತ ದೀಪ ತಲುಪದ ಕಡೆಗೆ ಹೋಗಿತ್ತು.

ಸೈಮಿ ಕೈಗವಸು ತೆಗೆದು ಕಂಬವನ್ನು ಮುಟ್ಟಿದಳು. ಉಣ್ಣೆ.

"ಬೂಷ್ಟು ಕಣಮ್ಮ ಅದು," ಎಂದ ರೇಯೊ. "ತೇವ ಮರಕ್ಕೆ ಹಿಡಿಯುತ್ತೆ."

"ಗೊತ್ತಾಗುತ್ತೆ. ನೀವೂ ದಿನಾ ನೋಡ್ತಿದ್ರಾ ಇದನ್ನ?"

ರೇಯೊ ಯೋಚಿಸಿದ. "ದಿನಾ ಹಾದುಹೋಗ್ತಿದ್ವಿ. ನೋಡಿದ್ದು ಅಂದ್ರೆ… ಇಲ್ಲ ಅನ್ಸುತ್ತೆ. ತಲೆ ತಗ್ಗಿಸ್ಕೊಂಡು ನಡೀತಿದ್ವಿ." ಅವಳ ಮುಖ ನೋಡಿ ಜೇಬಿನಿಂದ ಚೂರಿ ತೆಗೆದ. "ಒಂದು ತುಂಡು ಕಿತ್ಕೊಡ್ಲಾ? ಮನೇಲಿ ಇಟ್ಕೋಬಹುದು."

"ಬೇಡ. ಮೇಲೆ ತಂದ್ರೆ ಬರೀ ಬೂಷ್ಟಾಗುತ್ತೆ. ನೀನು ಪಂಜರದ ಹತ್ರ ಹೋಗಿರು, ಬರ್ತೀನಿ. ದೀಪ ಇಲ್ಲೇ ಇರ್ಲಿ."

ಅವನ ಬೂಟುಗಳ ಸಪ್ಪಳ ದೂರವಾಯಿತು. ಕಲಕಿದ ನೀರು ನಿಧಾನವಾಗಿ ತಿಳಿಯಾಗಿ, ತಲೆಕೆಳಗಾದ ಕಾಡು ಮತ್ತೆ ಕೂಡಿಕೊಂಡಿತು. ಸೈಮಿ ಅದರ ನಡುವೆ ನಿಂತಳು.

"ಇದೆ ಕಣೋ ಟೌನೊ," ಎಂದಳು ಜೋರಾಗಿ, ಹಳೆಯ ಜಗಳವೊಂದರಲ್ಲಿ ಸೋತದ್ದನ್ನು ಒಪ್ಪಿಕೊಳ್ಳುವವರ ದನಿಯಲ್ಲಿ.