ದವಡೆಹಲ್ಲಿನ ತಳದಲ್ಲಿ

ಅರ್ಧ ಸಾಸಿವೆಕಾಳಿನಷ್ಟು ರಕ್ತ. ಮೈಕ್ರೋಸ್ಕೋಪಿನ ಬೆಳಕಿನಲ್ಲಿ ಅದು ಹಲ್ಲಿನ ತಳದಲ್ಲಿ ಮೂಡಿತು. ಒರೆಸಿದೆ, ಮತ್ತೆ ಮೂಡಿತು. ಬಸವರಾಜ್ ಅವರೇ, ನಿಮ್ಮ ದವಡೆಹಲ್ಲನ್ನು ತೂತು ಮಾಡಿದ್ದು ನಾನು. ಆರು ವರ್ಷಗಳಿಂದ ಇದನ್ನು ಯಾರಿಗೂ ಹೇಳಿಲ್ಲ. ನಿಮಗಂತೂ —

ಮಾದಾಪುರದಲ್ಲಿ ನಾನಿದ್ದ ಹಲ್ಲಿನ ಕ್ಲಿನಿಕ್ಕಿಗೆ ಬರುತ್ತಿದ್ದವರೆಲ್ಲ ಕೊರಳಲ್ಲಿ ಸಾಫ್ಟ್‌ವೇರ್ ಕಂಪನಿಯ ಬ್ಯಾಡ್ಜು ತೂಗುಹಾಕಿಕೊಂಡವರು. ನೀವು ಮಾತ್ರ, ಕನ್ನಡದ ಡಾಕ್ಟರಿದ್ದಾರೆಂದು ಕೇಳಿ, ಸಿಕಂದರಾಬಾದಿನಿಂದ ಎರಡು ಬಸ್ಸು ಬದಲಿಸಿ ಬಂದಿರಿ. ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ನಿಮ್ಮ ಕೆಲಸ. ಆ ಬದಿಯಲ್ಲಿ ಅಗಿಯಲು ಉಳಿದಿದ್ದದ್ದು ಅದೊಂದೇ ಹಲ್ಲು. ರೂಟ್ ಕೆನಾಲ್ ಮಾಡಬೇಕಿತ್ತು, ಆದರೆ ಅದರ ಒಂದು ಬೇರಿನೊಳಗಿನ ನರದ ನಾಳ ಪೂರ್ತಿ ಸುಣ್ಣಗಟ್ಟಿ ಮುಚ್ಚಿಹೋಗಿತ್ತು. ಬೇರೆ ತಜ್ಞರಿಗೆ ಕಳಿಸು ಎಂದಿದ್ದರು ನಮ್ಮ ಹಿರಿಯ ವೈದ್ಯರು. ನಾನೇ ಹುಡುಕುತ್ತೇನೆ ಎಂದೆ.

ಅಲ್ಟ್ರಾಸಾನಿಕ್ ಸೂಜಿ ಕಣ್ಣಿಗೆ ಕಾಣದಷ್ಟು ನಡುಗುತ್ತ ಸುಣ್ಣವನ್ನು ಕೆರೆದು ಪುಡಿಮಾಡುತ್ತದೆ. ಸ್ವಲ್ಪ ಕೆರೆದು ನಿಲ್ಲಬೇಕು, ಎಕ್ಸ್‌ರೇ ತೆಗೆದು ದಿಕ್ಕು ನೋಡಬೇಕು, ಮತ್ತೆ ಕೆರೆಯಬೇಕು. ಮೊದಲ ಸಲ ನಿಂತೆ. ಎರಡನೆಯ ಸಲ — ತಳದಲ್ಲಿ ಬಿಳಿ ಚುಕ್ಕೆಯೊಂದು ಕಂಡಿತ್ತು, ಅದೇ ನಾಳದ ಬಾಯಿ ಎಂದು ನನಗೆ ಖಾತ್ರಿಯಿತ್ತು — ನಿಲ್ಲಲಿಲ್ಲ. ಕೈಯಲ್ಲಿದ್ದ ಸೂಜಿ ಥಟ್ಟನೆ ಹಗುರಾಯಿತು. ಹಲ್ಲಿನ ತಳ ದಾಟಿ ಬೇರುಗಳ ನಡುವಿನ ಮೂಳೆಗೆ ಇಳಿದಿತ್ತು.

ರಕ್ತ ನಿಲ್ಲಿಸಿ ಮೇಲೆ ಸಿಮೆಂಟು ಮೆತ್ತಿದೆ. ನೀವೆದ್ದು ಬಾಯಿ ಮುಕ್ಕಳಿಸಿದಿರಿ.

“ನಿಮ್ಮ ಮಷೀನು ಸೊಳ್ಳಿಗತೆ ಗುಂಯ್ ಅಂತೈತಲ್ರೀ ಡಾಕ್ಟರ್! ನಾನೂ ಮೂವತ್ತ ವರ್ಷದಿಂದ ತೂತು ಕೊರಿಯಾವನರಿ. ನಮ್ಮಲ್ಲಿ ಒಂದ್ ಕೂದಲೆಳಿಯಷ್ಟು ತಪ್ಪಿದ್ರ ಆ ಪೀಸಿಗೆ ಕೆಂಪು ಬಣ್ಣ ಬಳದು ಎಲ್ಲಾರ್ಗೂ ಕಾಣೂಹಂಗ ಇಡ್ತಾರ. ನಿಮ್ಮದು ಸರಿ ಬಂತೇನ್ರಿ?”

“ನಾಳ ಸಿಕ್ಕಿತು,” ಎಂದೆ.

ಸಿಕ್ಕಿರಲಿಲ್ಲ. ಮುಂದಿನ ವಾರ ಅದರ ಮೇಲೆ ಕ್ಯಾಪ್ ಕೂರಿಸಿದೆ. ಅಂದೇ ಹೇಳಿದ್ದರೆ ಆ ತೂತನ್ನು ಸರಿಯಾಗಿ ಮುಚ್ಚಬಲ್ಲವರು ಊರಿನಲ್ಲಿದ್ದರು. ಹಲ್ಲು ಬಹುಶಃ —

ಎಂಟು ತಿಂಗಳಿಗೆ ಕೆನ್ನೆ ಊದಿಸಿಕೊಂಡು ಬಂದಿರಿ. ಬೇರುಗಳ ನಡುವೆ ಮೂಳೆ ಕರಗಿ, ಎಕ್ಸ್‌ರೇಯಲ್ಲಿ ಅಷ್ಟಗಲ ಕಪ್ಪಾಗಿತ್ತು. ನಾನು ಮಾತಾಡುವ ಮೊದಲೇ ನೀವು ಕೈಮುಗಿದಿರಿ.

“ಬೈಬ್ಯಾಡ್ರಿ ಮತ್ತ. ನೀವು ಭಾಳ ಕಷ್ಟಪಟ್ಟು ಉಳಿಸಿಕೊಟ್ರಿ, ನಾನ ಅಡಿಕಿ ಕಡದು ಕೆಡಿಸ್ಕೊಂಡೆ. ಮನ್ಯಾಗ ಹೆಂಡ್ತೀದೂ ಅದ ಬೈಗುಳ.”

ಒಂದು ವಾಕ್ಯ ಸಾಕಿತ್ತು. ತಲೆಯಾಡಿಸಿದೆ — ಹೌದು, ಅಡಿಕೆಯೇ ಎಂಬಂತೆ. ಹಲ್ಲು ಕಿತ್ತೆ. ಹೆಂಡತಿಗೆ ತೋರಿಸಬೇಕು, ಕೊಡ್ರಿ ಎಂದಿರಿ. ತಳದ ತೂತು ಬರಿಗಣ್ಣಿಗೇ ಕಾಣುತ್ತಿತ್ತು. ಕೊಡಬಾರದೆಂಬ ನಿಯಮವಿದೆ ಎಂದೆ. ಅಂಥ ನಿಯಮವಿರಲಿಲ್ಲ.

ಮರುದಿನ ಬೆಳಿಗ್ಗೆ, ಇನ್ನಾರೂ ಬರುವ ಮೊದಲು ಕ್ಲಿನಿಕ್ಕಿನ ಬಾಗಿಲು ತೆರೆದು, ನಿಮ್ಮ ಫೈಲು ಹುಡುಕಿ, ಹಲ್ಲು ಹೋದ ಕಾರಣವೆಂದು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದೆ: ರೋಗಿಗೆ ಅಡಿಕೆ ಅಗಿಯುವ ಚಟ.