ಎರಡು ಗೆರೆಯ ದೊಡ್ಡಪ್ಪ

ನಮ್ಮ ದೊಡ್ಡಪ್ಪನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆಂದು ಅಕ್ಷರದ ಹಲಗೆಗಳು ಮೂರು ಇದ್ದವು. ಬೇರೆ ಅಂಗಡಿಗಳಲ್ಲಿ ಒಂದೇ ಇರುತ್ತದೆ. ಬೆಂಚಿನ ಮೇಲೆ ಕಾಯುತ್ತ ಕೂತ ಗಿರಾಕಿಗಳು ಹಲಗೆಯ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಒಳಗೆ ಬಂದು ಒಪ್ಪಿಸಿಬಿಡುತ್ತಾರೆ ಎಂಬುದು ಅವರ ಗುಮಾನಿ. ಹಾಗಾಗಿ ಒಬ್ಬೊಬ್ಬರ ಸರದಿಗೂ ಹಲಗೆ ಬದಲಾಗಬೇಕು. ತಮ್ಮ ಕಣ್ಣಿಗೆ ತಾವೇ ಯಾಕೆ ಮೋಸ ಮಾಡಿಕೊಳ್ಳುತ್ತಾರೆ ಎಂದು ನಾನೊಮ್ಮೆ ಕೇಳಿದ್ದೆ. "ಮನುಷ್ಯರ ಬುದ್ಧಿ ನಿನಗೆ ಗೊತ್ತಿಲ್ಲ, ಸುಮ್ನಿರು" ಅಂದಿದ್ದರು.

ಗುಮಾನಿ ಎನ್ನುವುದು ಅವರಿಗೆ ಉಸಿರಾಟವಿದ್ದ ಹಾಗೆ, ಪ್ರತ್ಯೇಕ ಶ್ರಮ ಬೇಕಿರಲಿಲ್ಲ. ಬಸ್ಸಿನ ಟಿಕೆಟನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಂಗಡಿಗೆ ಬೀಗ ಹಾಕಿ, ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ಮತ್ತೆ ಬಂದು ಜಗ್ಗುತ್ತಿದ್ದರು. ದೊಡ್ಡಮ್ಮ ತಲೆನೋವು ಎಂದು ಮಲಗಿದರೆ "ಯಾವಾಗಿಂದ? ಮಧ್ಯಾಹ್ನ ಚೆನ್ನಾಗೇ ಇದ್ದೆಯಲ್ಲ?" ಎಂದು ವಕೀಲರ ಹಾಗೆ ಶುರುಮಾಡುತ್ತಿದ್ದರು. "ತಲೆನೋವಿಗೆ ಸಾಕ್ಷಿ ತರೋಕಾಗುತ್ತಾ, ದೀಪ ಆರಿಸಿ ಹೋಗಿ" ಎಂದು ದೊಡ್ಡಮ್ಮ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು.

ಚೆಕ್ ಬರೆಯುವಾಗಲಂತೂ ಅವರನ್ನು ಮಾತಾಡಿಸುವ ಹಾಗೇ ಇರಲಿಲ್ಲ. ಎರಡು ಕಣ್ಣುಗಳ ನಡುವಿನ ಅಂತರ ಅಳೆಯಲು ಅವರ ಬಳಿ ಒಂದು ಸಣ್ಣ ಅಳತೆಪಟ್ಟಿ ಇತ್ತು. ಅದನ್ನು ಚೆಕ್ಕಿನ ಎಡಮೂಲೆಗೆ ಓರೆಯಾಗಿ ಇಟ್ಟು, ಒಂದರ ಪಕ್ಕ ಒಂದು, ಎರಡು ಗೆರೆ ಎಳೆಯುವರು. ಆಮೇಲೆ ಗೆರೆಗಳ ನಡುವೆ "ಹೆಸರಿದ್ದವರ ಖಾತೆಗೆ ಮಾತ್ರ" ಎಂದು ಬರೆಯುವರು. ಮೊದಲು ಗೆರೆ, ಹೆಸರು ಮತ್ತು ಮೊತ್ತ ಅದಾದ ಮೇಲೆ. ಎಲ್ಲರೂ ಕೊನೆಗೆ ಮಾಡುವುದನ್ನು ಇವರು ಮೊದಲು ಮಾಡುತ್ತಿದ್ದರು, ನಡುವೆ ಯಾರಾದರೂ ಕರೆದು ಗೆರೆ ಮರೆತುಹೋದರೆ ಎಂಬ ಭಯಕ್ಕೆ.

"ನೋಡು," ಎಂದು ನಾನು ಅಂಗಡಿಗೆ ಸೇರಿದ ವಾರವೇ ಪಾಠ ಹೇಳಿದ್ದರು, "ಗೆರೆ ಇಲ್ಲದ ಚೆಕ್ಕು ಬೀದೀಲಿ ಬಿದ್ರೆ ಸಿಕ್ಕಿದವನದ್ದು. ಕೌಂಟರಿನಲ್ಲಿ ಕೊಟ್ರೆ ಎಣಿಸಿ ಕೊಡ್ತಾರೆ. ಎರಡು ಗೆರೆ ಎಳೆದ್ಯೋ, ನಗದು ಇಲ್ಲ. ಯಾವುದಾದ್ರೂ ಖಾತೆಗೆ ಹಾಕ್ಲೇಬೇಕು. ನಡುವೆ ಈ ಮಾತು ಬರೆದ್ಯೋ, ಹೆಸರಿರೋನ ಖಾತೆಗೇ ಹಾಕಬೇಕು. ಕದ್ದವನು ಅದರಲ್ಲಿ ಕಡ್ಲೆ ಕಟ್ಕೊಂಡು ತಿನ್ನಬಹುದು, ಅಷ್ಟೇ."

ಒಮ್ಮೆ ಮನೆಖರ್ಚಿಗೆ ತಾವೇ ನಗದು ತೆಗೆಯಲು ಚೆಕ್ ಬರೆದು, ಅದಕ್ಕೂ ಗೆರೆ ಎಳೆದುಕೊಂಡು ಹೋಗಿದ್ದರು. ಬ್ಯಾಂಕಿನವರು ಕೊಡಲಿಲ್ಲ. "ನೀವೇ ಎಳೆದ ಗೆರೆ ಸ್ವಾಮಿ. ನೀವೇ ರದ್ದು ಮಾಡಿ ಸಹಿ ಹಾಕಿ, ಕೊಡ್ತೀವಿ" ಅಂದರಂತೆ. ಗೆರೆಯನ್ನು ರದ್ದು ಮಾಡಲೂ ಬರುತ್ತದೆ ಎಂದು ಕೇಳಿ ದೊಡ್ಡಪ್ಪನಿಗೆ ಬ್ಯಾಂಕಿನ ಮೇಲೇ ಗುಮಾನಿ ಬಂತು. ಆ ವಾರ ಮನೆಯಲ್ಲಿ ಕೈಸಾಲದ ಅಡುಗೆ. ಈ ಕಥೆಯನ್ನು ದೊಡ್ಡಮ್ಮ ನೆಂಟರ ಮುಂದೆಲ್ಲ ಹೇಳುವಳು, ದೊಡ್ಡಪ್ಪ ಮುಖ ಊದಿಸಿಕೊಂಡು ಎದ್ದುಹೋಗುವರು.

ಎಲ್ಲರೂ ನಗುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಯಾರೂ ನಗುತ್ತಿರಲಿಲ್ಲ, ಯಾಕೆಂದರೆ ಆ ಎರಡು ಗೆರೆ ಶುರುವಾದದ್ದೇ ನಮ್ಮಪ್ಪನಿಂದ.

ಅಪ್ಪ ದೊಡ್ಡಪ್ಪನ ಸ್ವಂತ ತಮ್ಮ. ಮೊದಲು ಅಂಗಡಿ ಇಬ್ಬರದ್ದೂ. ಅಣ್ಣ ಮುಂದೆ ಕೂತು ಕಣ್ಣು ನೋಡುವುದು, ತಮ್ಮ ಹಿಂದಿನ ಕೋಣೆಯಲ್ಲಿ ಕಲ್ಲಿನ ಚಕ್ರಕ್ಕೆ ಗಾಜು ಹಿಡಿದು ಉಜ್ಜುವುದು. ನಾನು ಕೈಗೂಸಾಗಿದ್ದಾಗ ಒಂದು ದಿನ ಗಾಜಿನ ವ್ಯಾಪಾರಿಗೆ ಕೊಡಬೇಕಾದ ದೊಡ್ಡ ಮೊತ್ತದ ಚೆಕ್ಕನ್ನು ಅಪ್ಪನ ಕೈಯಲ್ಲಿ ಕಳಿಸಿದರು. ಆಗ ದೊಡ್ಡಪ್ಪನಿಗೆ ಗೆರೆಗಿರೆ ಒಂದೂ ಗೊತ್ತಿರಲಿಲ್ಲ. ಅಪ್ಪ ಅದನ್ನು ಅಂಗಿಯ ಜೇಬಿನಲ್ಲಿಟ್ಟು ಸೈಕಲ್ ಏರಿದ. ವ್ಯಾಪಾರಿಯ ಬಾಗಿಲಲ್ಲಿ ಜೇಬು ಮುಟ್ಟಿಕೊಂಡರೆ ಚೆಕ್ಕಿಲ್ಲ. ಬಂದ ದಾರಿಯನ್ನೆಲ್ಲ ನಡೆದು ಹುಡುಕಿ, ಬೆವರಿಳಿಸಿಕೊಂಡು ಅಂಗಡಿಗೆ ಬಂದು ಹೇಳುವ ಹೊತ್ತಿಗೆ ಯಾರೋ ಅದನ್ನು ಬ್ಯಾಂಕಿನಲ್ಲಿ ಕೊಟ್ಟು ನಗದು ಎಣಿಸಿಕೊಂಡು ಹೋಗಿಯಾಗಿತ್ತು. ಹಿಂಬದಿಯಲ್ಲಿ ಕೋಳಿ ಕೆದರಿದಂಥ ಒಂದು ಸಹಿ, ಅಷ್ಟೇ. "ತಂದವರಿಗೆ ಕೊಡಬೇಕು ಅಂತ ಇದೆ, ಕೊಟ್ವಿ" ಎಂದು ಬ್ಯಾಂಕು ಕೈತೊಳೆದುಕೊಂಡಿತು.

ದೊಡ್ಡಪ್ಪ ಬೈಯಲಿಲ್ಲ. "ಬಿದ್ದುಹೋಯ್ತಾ?" ಎಂದು ಕೇಳಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ "ಬಿದ್ದುಹೋಯ್ತಾ?" ಅಂದರು. ಮರುದಿನ ಗಾಜು ಉಜ್ಜುವ ಕೋಣೆಯ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೇಳಿದರು. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದನೇನೋ. ತಿಂಗಳಾಗುವಷ್ಟರಲ್ಲಿ ಅಂಗಡಿ ಬಿಟ್ಟ. ಅಮ್ಮನ ಬಳೆ ಮಾರಿ ಕೀಲಿಕೈ ಕೊರೆಯುವ ಹಳೆಯ ಯಂತ್ರವೊಂದನ್ನು ಕೊಂಡು, ಒಂದು ಕಟ್ಟಡದ ಮೆಟ್ಟಿಲ ಕೆಳಗೆ ಕೂತ. ದೊಡ್ಡಪ್ಪನ ಕಣ್ಣಿಗೆ ಅಮ್ಮನ ಬರಿಗೈ ಬೀಳಲಿಲ್ಲ, ಯಂತ್ರ ಬಿತ್ತು. "ಯಂತ್ರಕ್ಕೆ ದುಡ್ಡೆಲ್ಲಿಂದ ಬಂತಂತೆ?" ಎಂದು ದೊಡ್ಡಮ್ಮನ ಹತ್ತಿರ ಕೇಳಿದರಂತೆ. ಆ ಮಾತು ನಮ್ಮ ಮನೆಗೆ ಬರಲು ಎಷ್ಟು ಹೊತ್ತು ಬೇಕು?

ಊರಿನವರೆಲ್ಲ ತಮ್ಮ ಮನೆಯ ಬೀಗಗಳನ್ನು ನಮ್ಮಪ್ಪನ ಕೈಗೆ ಕೊಡುತ್ತಿದ್ದರು, ಒಬ್ಬ ಅಣ್ಣನನ್ನು ಬಿಟ್ಟು. ಕಳ್ಳ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಹೀಗೇ ಇಪ್ಪತ್ತು ವರ್ಷ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ನಡೆಯಿತು. ಮನೆಯಲ್ಲಿ ಏನಾದರೂ ಕಳೆದುಹೋದರೆ, ಒಂದು ಸೂಜಿಯೇ ಆಗಲಿ, ಅದು ಸಿಗುವವರೆಗೂ ಅಪ್ಪ ಊಟಕ್ಕೆ ಕೂರುತ್ತಿರಲಿಲ್ಲ. ಅದನ್ನು ನೋಡುವಾಗ ನನಗೆ ದೊಡ್ಡಪ್ಪನ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ಹಾಗಿದ್ದೂ ಆ ಅಂಗಡಿಗೇ ನಾನು ಕೆಲಸಕ್ಕೆ ಸೇರಿದ್ದು ದೊಡ್ಡಮ್ಮನ ಹಟದಿಂದ. ಅವರಿಗೆ ಮಕ್ಕಳಿರಲಿಲ್ಲ. ಅಪ್ಪ ಬೇಡ ಅನ್ನುತ್ತಾನೆ ಅಂದುಕೊಂಡಿದ್ದೆ. ಅರದಿಂದ ಉಜ್ಜುತ್ತಿದ್ದ ಕೀಲಿಕೈಯ ಪುಡಿ ಊದಿ, "ಹೋಗು. ಗಾಜಿನ ಕೆಲಸ ಒಳ್ಳೇದು. ರಸೀದಿ ಇಲ್ದೆ ಏನೂ ಕೊಡಬೇಡ" ಅಂದ.

ಅದನ್ನೇ ಮರೆತೆ ನೋಡಿ. ಹೋದ ವರ್ಷ ಗಾಜಿನ ವ್ಯಾಪಾರಿಯ ಕಚೇರಿಗೆ ಚೆಕ್ ತೆಗೆದುಕೊಂಡು ಹೋದೆ. ಲೆಕ್ಕದ ಮೇಜಿನವನು ಫೋನಿನಲ್ಲಿ ಯಾರ ಜೊತೆಗೋ ಜಗಳವಾಡುತ್ತಿದ್ದ. ಟ್ರೇಯಲ್ಲಿ ಇಡು ಎಂದು ಕೈಸನ್ನೆ ಮಾಡಿದ. ಇಟ್ಟು ಬಂದೆ. ಹತ್ತು ದಿನದ ಮೇಲೆ ವ್ಯಾಪಾರಿ ಅಂಗಡಿಗೆ ಫೋನು ಮಾಡಿ ಈ ಸಲದ ಹಣ ಇನ್ನೂ ಬಂದಿಲ್ಲ ಅಂದ.

ದೊಡ್ಡಪ್ಪ ಫೋನಿಟ್ಟು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಕೊಟ್ಟೆಯಾ?"

"ಕೊಟ್ಟೆ."

"ಯಾರ ಕೈಗೆ?"

"ಕೈಗಲ್ಲ, ಟ್ರೇಯಲ್ಲಿ ಇಡು ಅಂದ್ರು. ಇಟ್ಟೆ."

"ರಸೀದಿ?"

"ಮರೆತೆ" ಅಂದೆ. ಅವರು ಮೇಜಿನ ಮೇಲಿದ್ದ ಫ್ರೇಮನ್ನು ಎತ್ತಿ ಒರೆಸತೊಡಗಿದರು. ಒರೆಸುತ್ತಲೇ ಕೇಳಿದರು, "ಇಟ್ಟುಬಂದೆಯಾ?"

ಅದೇ ದನಿ. ನಾನು ಆಗ ಕೈಗೂಸು, ಆ ದನಿಯನ್ನು ಕೇಳಿರಲು ಸಾಧ್ಯವೇ ಇಲ್ಲ. ಆದರೂ ಗುರುತು ಹತ್ತಿತು. ಇನ್ನೊಂದು ಸಲ ಕೇಳಿದರೆ ನಾನೂ ಅಪ್ಪನ ಹಾಗೆ ಎದ್ದುಹೋಗಬೇಕಾಗುತ್ತದೆ, ಆಮೇಲೆ ಅಪ್ಪನ ಹೆಸರಿನ ಕೆಳಗೆ ನನ್ನ ಹೆಸರೂ ಸೇರುತ್ತದೆ ಅನ್ನಿಸಿತು.

"ಗೆರೆ ಎಳೆದಿದ್ರಿ ತಾನೇ?" ಅಂದೆ.

"ನಾನು ಎಳೀದೆ ಇರ್ತೀನಾ?"

"ಹಾಗಾದ್ರೆ ನನ್ನನ್ನ ಯಾಕೆ ಕೇಳ್ತೀರಿ? ನಡೀರಿ, ಬ್ಯಾಂಕನ್ನ ಕೇಳೋಣ."

ಅಂಗಡಿಯಲ್ಲಿ ದೊಡ್ಡಮ್ಮನನ್ನು ಕೂರಿಸಿ ಹೊರಟೆವು. ದಾರಿಯುದ್ದಕ್ಕೂ ಅವರು ಮುಂದೆ, ನಾನು ಹಿಂದೆ. ಬ್ಯಾಂಕಿನ ಗುಮಾಸ್ತೆ ನನ್ನಷ್ಟೇ ವಯಸ್ಸಿನವಳು, ಆಕಳಿಕೆ ತಡೆದುಕೊಳ್ಳುತ್ತ ಕಂಪ್ಯೂಟರಿನ ಪರದೆ ನೋಡಿದಳು. "ಈ ಚೆಕ್ಕು ಪಾಸಾಗಿದೆಯಲ್ಲ. ನೀವು ಹೇಳಿದ ದಿನದ ಮರುದಿನವೇ."

ದೊಡ್ಡಪ್ಪ ನನ್ನ ಕಡೆ ತಿರುಗಿದರು.

"ಯಾರು ತಗೊಂಡ್ರು?" ಎಂದು ಅವಳನ್ನು ಕೇಳಿದರು.

"ಯಾರು ಅಂದ್ರೆ? ಹೆಸರಿದ್ದ ಖಾತೆಗೇ ಹೋಗಿದೆ. ಗಾಜಿನ ವ್ಯಾಪಾರಿಯ ಖಾತೆಗೆ. ಇದರ ಮೇಲೆ ಖಾತೆಗೆ ಮಾತ್ರ ಅಂತ ಬರೆದಿದ್ದೀರಲ್ಲ, ಬೇರೆ ಎಲ್ಲಿಗೆ ಹೋಗೋಕಾಗುತ್ತೆ?"

ಅಲ್ಲಿಂದಲೇ ವ್ಯಾಪಾರಿಗೆ ಫೋನು ಮಾಡಿದೆವು. ಅವನು ಹುಡುಕಿಸಿ, ನಮ್ಮ ಹಣವನ್ನು ಇನ್ನೊಂದು ಅಂಗಡಿಯ ಲೆಕ್ಕಕ್ಕೆ ಜಮಾ ಮಾಡಿಕೊಂಡಿದ್ದಾರೆ ಎಂದು ನಗುತ್ತ ಹೇಳಿದ. ಅವನಿಗೆ ನಗು. ನಾನು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ.

ದೊಡ್ಡಪ್ಪ ಕೌಂಟರು ಬಿಟ್ಟು ಕದಲಲಿಲ್ಲ. ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು.

"ಒಂದು ಕೇಳ್ತೀನಮ್ಮ. ಗೆರೆ ಎಳೀದೇ ಇದ್ದಿದ್ರೆ?"

"ಎಳೀದೆ ಇದ್ದು, ಯಾರಾದ್ರೂ ತಂದು ನಗದು ತಗೊಂಡಿದ್ರೆ ಹೇಳೋದು ಕಷ್ಟ."

"ಯಾರು ತಗೊಂಡ್ರು ಅಂತ ಎಂದಿಗೂ ಗೊತ್ತಾಗ್ತಿರಲಿಲ್ವಾ?"

"ಹೇಗೆ ಗೊತ್ತಾಗುತ್ತೆ? ಖಾತೆ ಇದ್ರೆ ಹೆಸರಿರುತ್ತೆ. ಕೈಗೆ ಕೊಟ್ಟ ದುಡ್ಡಿಗೆ ಹೆಸರೆಲ್ಲಿ?" ಅಂದು ಅವಳು ಹಿಂದಿನವರ ಕಾಗದಕ್ಕೆ ಕೈಚಾಚಿದಳು. "ಆಗ ಸಂಬಂಧವೇ ಇಲ್ಲದವರ ಮೇಲೆಲ್ಲ ಅನುಮಾನ ಪಡಬೇಕಾಗುತ್ತೆ, ನೋಡಿ."

ದೊಡ್ಡಪ್ಪ ತಮ್ಮ ಛತ್ರಿಯನ್ನು ಕೌಂಟರಿನ ಮೇಲೇ ಬಿಟ್ಟು ಹೊರಟರು. ಛತ್ರಿ ಮರೆಯುವ ಮನುಷ್ಯರಲ್ಲ ಅವರು. ನಾನು ಎತ್ತಿಕೊಂಡು ಹಿಂದೆ ಓಡಿದೆ. ಅಂಗಡಿಯ ತಿರುವು ಬಂದರೂ ಅವರು ತಿರುಗಲಿಲ್ಲ. ಎಲ್ಲಿಗೆ ಹೋಗುತ್ತಿದ್ದಾರೆ ಎಂದು ತಿಳಿದಾಗ ನನಗೆ ಖುಷಿಗಿಂತ ದಿಗಿಲೇ ಹೆಚ್ಚಾಯಿತು. ಅಪ್ಪನನ್ನು ಇನ್ನೊಂದು ಸಲ ಕೇಳಲು ಹೊರಟಿದ್ದಾರೇನೋ ಎಂದು ಅನುಮಾನ. ಅಂಗಡಿಯ ಗಾಳಿ ನನಗೂ ಬಡಿದಿತ್ತಲ್ಲ.

ಅಪ್ಪ ಮೆಟ್ಟಿಲ ಕೆಳಗೆ ತಲೆ ಬಗ್ಗಿಸಿ ಕೂತಿದ್ದ. ಮೊಳೆಗಳಿಗೆ ನೇತುಹಾಕಿದ ಕೊರೆಯದ ಕೀಲಿಕೈಗಳು, ತೊಡೆಯ ಮೇಲೆ ಹಿತ್ತಾಳೆಯ ಪುಡಿ. ಅಣ್ಣನ ಕಾಲು ಕಂಡು ಯಂತ್ರ ನಿಲ್ಲಿಸಿದ.

"ಇವಳ ಚೆಕ್ಕು ಸಿಕ್ತು" ಅಂದರು ದೊಡ್ಡಪ್ಪ.

"ಕಳೆದಿತ್ತಾ?" ಎಂದು ಅಪ್ಪ ನನ್ನತ್ತ ನೋಡಿದ.

"ಇಲ್ಲ. ನಾನು ಅಂದ್ಕೊಂಡೆ." ದೊಡ್ಡಪ್ಪ ಗಿರಾಕಿಗಳ ಸ್ಟೂಲಿನ ಮೇಲೆ ಕೂತರು. "ಆವತ್ತಿನ ಚೆಕ್ಕಿಗೆ ನಾನು ಗೆರೆ ಎಳೆದಿದ್ರೆ ಆವತ್ತೇ ಗೊತ್ತಾಗ್ತಿತ್ತು. ಎಳೀಲಿಲ್ಲ. ಇನ್ನು ಗೊತ್ತಾಗೋದಿಲ್ಲ."

"ಅದಕ್ಕೆ?"

"ಅದಕ್ಕೆ ಏನೂ ಇಲ್ಲ. ನನ್ನ ಹತ್ರ ಸಾಕ್ಷಿ ಇಲ್ಲ. ನೀನು ತಗೊಂಡಿಲ್ಲ."

ಬಸ್ ಟಿಕೆಟನ್ನೂ ನಂಬದ ಮನುಷ್ಯ, ಒಂದು ಚೂರು ಪುರಾವೆ ಇಲ್ಲದೆ ಆ ಮಾತು ಹೇಳಿದರು. ಅಪ್ಪ ತೊಡೆಯ ಮೇಲಿನ ಪುಡಿ ಕೊಡವಿಕೊಂಡ. ಕೊಡವಿದ ಮೇಲೂ ಕೊಡವುತ್ತಲೇ ಇದ್ದ.

ದೊಡ್ಡಪ್ಪ ಒಳಜೇಬಿನಿಂದ ಚೆಕ್ ಪುಸ್ತಕ ತೆಗೆದು ಮೊಣಕಾಲ ಮೇಲಿಟ್ಟು ಬರೆದರು. ಫ್ರೇಮಿನ ವ್ಯಾಪಾರಿಗೆ ಕೊಡಬೇಕಾದದ್ದು. ಹರಿದು ಅಪ್ಪನತ್ತ ಚಾಚಿದರು. "ನಾಳೆ ಇದನ್ನ ಕೊಟ್ಟು ಬಾ. ಆಮೇಲೆ ಅಂಗಡಿಗೆ ಬಾ. ಚಕ್ರ ಹಾಗೇ ಇದೆ."

ನಾನು ಬಗ್ಗಿ ನೋಡಿದೆ. ಎಡಮೂಲೆ ಖಾಲಿ ಇತ್ತು. ಇಷ್ಟು ವರ್ಷಗಳಲ್ಲಿ ಅವರು ಯಾರ ಕೈಗೂ ಕೊಡದ ಬೋಳು ಚೆಕ್ಕು ಅದು. ಅವರು ಬೇಕೆಂದೇ ಹಾಗೆ ಬರೆದಿದ್ದರು.

ಅಪ್ಪನೂ ನೋಡಿದ. ಕೈಚಾಚಲಿಲ್ಲ.

"ಗೆರೆ ಎಳಿ, ಅಣ್ಣ."

"ನಿನ್ನ ಕೈಲಿ ಹೋಗೋದಕ್ಕೆ ಯಾಕೆ?"

"ನನ್ನ ಕೈಲಿ ಹೋಗೋದಕ್ಕೇ ಬೇಕು. ನಾಳೆ ಇದೂ ಬಿದ್ದುಹೋದ್ರೆ ನಿನಗೆ ದುಡ್ಡು ಹೋಗುತ್ತೆ. ನನಗೆ ಇನ್ನೊಂದಿಪ್ಪತ್ತು ವರ್ಷ ಇಲ್ಲ."

ದೊಡ್ಡಪ್ಪ ಜೇಬು ತಡಕಿದರು. ಅಳತೆಪಟ್ಟಿ ಅಂಗಡಿಯಲ್ಲಿತ್ತು. ಅಪ್ಪ ಒಂದು ಕೊರೆಯದ ಕೀಲಿಕೈಯನ್ನು ಮೊಳೆಯಿಂದ ತೆಗೆದು ಮುಂದೆ ಹಿಡಿದ. ಅದರ ಅಂಚಿಗೆ ಪೆನ್ನು ಒತ್ತಿ ದೊಡ್ಡಪ್ಪ ಗೆರೆ ಎಳೆದರು. ಎರಡನೆಯದು ಸೊಟ್ಟಗಾಯಿತು. ಅಪ್ಪ ಚೆಕ್ಕನ್ನು ತೆಗೆದುಕೊಂಡು, ಓದಿ, ಮಡಿಸದೆ ಅಂಗಿಯ ಜೇಬಿನಲ್ಲಿಟ್ಟ. ಆಮೇಲೆ ಒಂದು ಕೈಯನ್ನು ಆ ಜೇಬಿನ ಮೇಲಿಂದ ತೆಗೆಯದೆ, ಇನ್ನೊಂದೇ ಕೈಯಲ್ಲಿ ತನ್ನ ಸಾಮಾನುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ತುಂಬತೊಡಗಿದ.